ಬಿರುಬೇಸಿಗೆಯ ಕೆರೆಯಲ್ಲಿ ಗಾಳ ಹಾಕುವುದು ಹೇಗೆ?

ಬೇಸಿಗೆಯಲ್ಲಿ ದಿನವಿಡೀ ದಡದಲ್ಲಿ ಕೂತು ಬರಿಗೈಯಲ್ಲಿ ಏಳುವವರು ಬೈಯುವುದು ಎರೆಯನ್ನು, ಇಲ್ಲವೇ ಗಾಳವನ್ನು. ಹೆಚ್ಚಿನ ಸಲ ಅವೆರಡರದ್ದೂ ತಪ್ಪಿರುವುದಿಲ್ಲ. ಗಾಳ ಬಿಟ್ಟ ಜಾಗದಲ್ಲಿ ಮೀನೇ ಇರುವುದಿಲ್ಲ. ಈ ಕಾಲದಲ್ಲಿ ಮೀನಿಗೆ ಮೇವಿಗಿಂತ ಉಸಿರಿನ ಚಿಂತೆ ದೊಡ್ಡದು. ಹಾಗಾಗಿ ನೀರಿನಲ್ಲಿ ಆಮ್ಲಜನಕ ಎಲ್ಲಿದೆ ಎಂದು ಮೊದಲು ಹುಡುಕಿ, ಗಾಳದ ಚೀಲ ಆಮೇಲೆ ಬಿಚ್ಚಿ.

ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಇಳಿಯುತ್ತದೆ. 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರಿನಲ್ಲಿ ಸುಮಾರು 11.3 ಮಿಲಿಗ್ರಾಂ ಕರಗಬಲ್ಲದು. 30 ಡಿಗ್ರಿಯಲ್ಲಿ ಬರೀ 7.6. ಮೀನು ಶೀತರಕ್ತದ ಪ್ರಾಣಿಯಾದ್ದರಿಂದ ನೀರು 10 ಡಿಗ್ರಿ ಬಿಸಿಯೇರಿದರೆ ಅದಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬೇಕಾದ್ದು ಹೆಚ್ಚಿದಾಗಲೇ ಸಿಗುವುದು ಕಡಿಮೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಬಹುಪಾಲು ಮೀನುಗಳು ಆರಾಮಾಗಿ ಮೇಯುತ್ತವೆ, 3ಕ್ಕಿಂತ ಇಳಿದರೆ ಎರೆಯನ್ನು ಮೂತಿಯ ಮುಂದೆ ಹಿಡಿದರೂ ಮೂಸುವುದಿಲ್ಲ.

ಮೊದಲ ಕೆಲಸ: ನೀರಿನ ಪದರ ಅಳೆಯುವುದು

ಆಳವಾದ ಕೆರೆಯಲ್ಲಿ ಬಿಸಿನೀರು ಹಗುರಾಗಿ ಮೇಲೆ, ತಣ್ಣೀರು ಭಾರವಾಗಿ ಕೆಳಗೆ ನಿಲ್ಲುತ್ತದೆ. ನಡುವೆ ಉಷ್ಣಾಂಶ ಥಟ್ಟನೆ ಕುಸಿಯುವ ಪದರವೊಂದಿರುತ್ತದೆ; ಅದೇ ಥರ್ಮೋಕ್ಲೈನ್. ಅದರ ಕೆಳಗಿನ ನೀರಿಗೆ ಗಾಳಿ ತಾಗುವುದಿಲ್ಲ. ತಳದಲ್ಲಿ ಕೊಳೆಯುವ ಎಲೆ, ಪಾಚಿ ಅಲ್ಲಿದ್ದ ಆಮ್ಲಜನಕವನ್ನೂ ಮುಗಿಸಿಬಿಡುತ್ತವೆ. 'ಸೆಕೆಗೆ ಮೀನು ತಳಕ್ಕಿಳಿದಿರುತ್ತೆ' ಎಂದು ನಂಬಿ ಆಳದ ಮಡುವಿಗೆ ಗಾಳ ಬಿಡುವವರು ಸೋಲುವುದು ಇಲ್ಲೇ. ಹೂಳು ತುಂಬಿದ ಕೆರೆಯಲ್ಲಿ ಆ ತಂಪಿನಲ್ಲಿ ಉಸಿರೇ ಇರುವುದಿಲ್ಲ.

ಪದರ ಹುಡುಕಲು ಯಂತ್ರ ಬೇಡ. ಕಿರಿದಾದ ಕತ್ತಿನ ಗಾಜಿನ ಬಾಟಲಿಯ ತಳಕ್ಕೆ ಮುಳುಗುವಷ್ಟು ಭಾರ ಕಟ್ಟಿ. ಒಂದೊಂದು ಮೀಟರಿಗೆ ಗಂಟು ಹಾಕಿದ ಹಗ್ಗವನ್ನು ಕತ್ತಿಗೆ ಬಿಗಿದು, ಬಿರಡೆಯನ್ನು ಅದೇ ಹಗ್ಗಕ್ಕೆ ಒಂದು ಗೇಣು ಮೇಲೆ ಕಟ್ಟಿ, ನಡುವಿನ ಹಗ್ಗ ಸಡಿಲವಾಗಿರುವಂತೆ, ಜಗ್ಗಿದರೆ ಕಿತ್ತು ಬರುವ ಹಾಗೆ ಬಾಟಲಿಯ ಬಾಯಿಗೆ ಹಾಕಿ. ಬಾಟಲಿಯನ್ನು ದೋಣಿಯಿಂದ ಬೇಕಾದ ಆಳಕ್ಕೆ ಇಳಿಸಿ, ಹಗ್ಗವನ್ನು ಜಗ್ಗಿ. ಬಿರಡೆ ಕಳಚಿ ಗುಳ್ಳೆಗಳು ಬುಳುಬುಳು ಏಳುತ್ತವೆ. ಅವು ನಿಂತವೆಂದರೆ ಬಾಟಲಿ ತುಂಬಿತು. ಮೇಲೆಳೆದು ತಕ್ಷಣ ಥರ್ಮಾಮೀಟರ್ ಅದ್ದಿ. ತಡಮಾಡಿದರೆ ಬಿಸಿಲಿಗೆ ಬಾಟಲಿಯ ನೀರೇ ಕಾದು ಲೆಕ್ಕ ತಪ್ಪುತ್ತದೆ. ಒಂದೇ ಮೀಟರಿನಲ್ಲಿ 1 ಡಿಗ್ರಿಗಿಂತ ಹೆಚ್ಚು ಇಳಿದ ಜಾಗವೇ ಪದರ. ನೀರನ್ನು ಮೂಸಿಯೂ ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ಆಳದಲ್ಲಿ ಆಮ್ಲಜನಕ ಇಲ್ಲವೆಂದೇ ಅರ್ಥ. ಎರೆ ನಿಲ್ಲಬೇಕಾದ್ದು ಪದರದಿಂದ ಅರ್ಧ ಮೀಟರ್, ಒಂದು ಮೀಟರ್ ಮೇಲೆ. ಅಲ್ಲಿ ತಂಪೂ ಇದೆ, ಉಸಿರೂ ಇದೆ.

ಎರಡು ಮೂರು ಮೀಟರ್ ಆಳದ ಕೆರೆಯನ್ನು ಗಾಳಿಯೇ ಕಲಕುತ್ತಿರುತ್ತದೆ, ಪದರ ಹೆಚ್ಚು ಕಾಲ ನಿಲ್ಲದು. ಅಲ್ಲಿ ತೊರೆ ಬಂದು ಸೇರುವ ಬಾಯಿ, ಮರದ ನೆರಳು, ಜೊಂಡಿನ ಹೊರ ಅಂಚು ನೋಡಿ. ಎರಡೂ ಬಗೆಯ ಕೆರೆಗೆ ಸಲ್ಲುವ ಗುರುತೊಂದಿದೆ: ಗಾಳಿ ಯಾವ ದಡಕ್ಕೆ ಬಡಿಯುತ್ತಿದೆಯೋ ಆ ದಡ. ಗಾಳಿಗೆ ಬೆನ್ನು ಕೊಟ್ಟು ಕೂತರೆ ಎಸೆಯುವುದೇನೋ ಸಲೀಸು, ಆದರೆ ಅಲೆಯೊಡೆದು ಆಮ್ಲಜನಕ ಬೆರೆಯುವುದೂ ತೇಲುವ ಮೇವು ರಾಶಿಯಾಗುವುದೂ ಎದುರು ದಡದಲ್ಲಿ.

ಯಾವ ಹೊತ್ತು?

ನಸುಕೇ ಒಳ್ಳೆಯದು ಎಂಬ ಮಾತು ತಿಳಿನೀರಿಗೆ ಸರಿ, ಹಸಿರುಗಟ್ಟಿದ ಕೆರೆಗೆ ಅಲ್ಲ. ಪಾಚಿ ಹಗಲಲ್ಲಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೂ ಉಸಿರಾಡಿ ಖರ್ಚು ಮಾಡುತ್ತದೆ. ಹಾಗಾಗಿ ಸೂರ್ಯ ಹುಟ್ಟುವ ಮುಂಚಿನ ಗಳಿಗೆಯಲ್ಲೇ ಆಮ್ಲಜನಕ ಎಲ್ಲಕ್ಕಿಂತ ಕಡಿಮೆ. ದಾರ ಕಟ್ಟಿದ ಬಿಳಿ ತಟ್ಟೆಯನ್ನು ನೀರಿಗಿಳಿಸಿ. ಅರ್ಧ ಮೀಟರಿನೊಳಗೇ ಕಾಣದಾದರೆ, ಬಿಸಿಲು ಬಿದ್ದು ಒಂದೆರಡು ಗಂಟೆಯಾದ ಮೇಲೆ ಗಾಳ ಹಾಕಿ. ಅದಕ್ಕಿಂತಲೂ ಸಂಜೆ ಮೇಲು: ದಿನವಿಡೀ ಸೇರಿದ ಆಮ್ಲಜನಕ ಇರುತ್ತದೆ, ಬಿಸಿಲಿನ ಝಳ ಇಳಿದಿರುತ್ತದೆ.

ಗಾಳ ಕಟ್ಟುವುದು

ಗೆಂಡೆಯಂಥ ಮೀನಿಗೆ ಮೂರೂವರೆ ಮೀಟರ್ ಕೋಲು, 0.28ರಿಂದ 0.30 ಮಿಲಿಮೀಟರ್ ನೈಲಾನ್ ದಾರ ಸಾಕು. ತಿಳಿನೀರೆಂದು ಇನ್ನೂ ತೆಳುವಾದ ದಾರ ಹಾಕಬೇಡಿ. ಮೀನನ್ನು ಬೇಗ ದಡಕ್ಕೆ ತರಲಾಗುವುದಿಲ್ಲ. ಎರೆಹುಳುವಿಗೆ 8ನೇ ನಂಬರ್ ಗಾಳ, ಹಿಟ್ಟಿನ ಉಂಡೆಗೆ 6. ನಂಬರ್ ಏರಿದಂತೆ ಗಾಳ ಚಿಕ್ಕದು. ದಾರವನ್ನು ಐದಾರು ಸುತ್ತು ಸುತ್ತಿ, ಬಿಗಿಯುವ ಮುನ್ನ ಎಂಜಲು ಹಚ್ಚಿ. ಒಣ ದಾರ ಉಜ್ಜಿ ಬಿಸಿಯಾಗಿ ಗಂಟಿನಲ್ಲೇ ಕಡಿಯುತ್ತದೆ. ಬಿಸಿಲಿನಲ್ಲಿ ಬಿದ್ದಿದ್ದ ದಾರವಾದರೆ ಮೊದಲ ಎರಡು ಮೀಟರ್ ಕತ್ತರಿಸಿ ಬಿಸಾಡಿ.

ಆಳ ಗೊತ್ತುಮಾಡಲು ಗಾಳಕ್ಕೆ 10–15 ಗ್ರಾಂ ಸೀಸ ಸಿಕ್ಕಿಸಿ ಬಿಡಿ. ದಾರಕ್ಕೆ ಕಟ್ಟಿದ ತೇಲುವ ಬೆಂಡು ಮುಳುಗಿದರೆ ಅದನ್ನು ದಾರದ ಮೇಲಕ್ಕೆ ಸರಿಸಿ, ಅಡ್ಡ ಮಲಗಿದರೆ ಕೆಳಕ್ಕೆ. ತಲೆಯಷ್ಟೇ ಮೇಲೆ ಕಂಡಾಗ ಅದು ತಳದ ಆಳ. ಎರೆಯನ್ನು ಪದರದ ಮೇಲೆ ನಿಲ್ಲಿಸಬೇಕಾದರೆ ಬೆಂಡಿನಿಂದ ಗಾಳದವರೆಗಿನ ದಾರವನ್ನು ಆ ಆಳಕ್ಕೆ ತಕ್ಕಂತೆ ಕಡಿಮೆ ಮಾಡಿ. ಈಗ ಆ ಸೀಸ ತೆಗೆದು, ಒಂದು ಪುಟ್ಟ ಸೀಸದ ಗುಂಡನ್ನು ಗಾಳದಿಂದ 20 ಸೆಂಟಿಮೀಟರ್ ಮೇಲೆ, ಉಳಿದ ಗುಂಡುಗಳನ್ನು ಇನ್ನೂ ಮೇಲೆ ಒತ್ತಿ ಕೂರಿಸಿ. ಬೆಂಡಿನ ತುದಿ ಒಂದು ಸೆಂಟಿಮೀಟರ್ ಕಂಡರೆ ಸಾಕು.

ಬೆಂಡು ಬರೀ ನಡುಗಿದರೆ ಮರಿಗಳು ಕುಕ್ಕುತ್ತಿವೆ, ಸುಮ್ಮನಿರಿ. ಓರೆಯಾಗಿ ಜಾರಿದರೆ ಎಳೆಯಿರಿ. ಮುಳುಗುವ ಬದಲು ಮೇಲೆದ್ದು ಅಡ್ಡಬಿದ್ದರೂ ಎಳೆಯಿರಿ: ಮೀನು ಎರೆಯನ್ನು ಎತ್ತಿದಾಗ ಪುಟ್ಟ ಗುಂಡಿನ ಭಾರ ತಪ್ಪಿ ಬೆಂಡು ಹಾಗೆ ಏಳುತ್ತದೆ. ಹೊಸಬರು ಕಳೆದುಕೊಳ್ಳುವ ಕಚ್ಚು ಹೆಚ್ಚಾಗಿ ಇದೇ.

ಎರೆಗೆ ಎರಡು ಪಾಲು ಗೋಧಿಹಿಟ್ಟು, ಒಂದು ಪಾಲು ಜೋಳದ ಹಿಟ್ಟು ಗಟ್ಟಿಯಾಗಿ ಕಲಸಿ. ಚಿಟಿಕೆ ಹತ್ತಿ ಬಿಡಿಸಿ ಸೇರಿಸಿದರೆ ಉಂಡೆ ಬೇಗ ಒಡೆಯದು. ಬೆಚ್ಚನೆಯ ನೀರಿನಲ್ಲಿ ಅದು ಕರಗುವುದು ಬೇಗ, ಕಾಲು ಗಂಟೆಗೊಮ್ಮೆ ಬದಲಿಸಿ. ಮೀನು ಕರೆಯಲು ಎರಚುವ ಮೇವು ಒಂದು ಸಲಕ್ಕೆ ನೆಲ್ಲಿಕಾಯಿ ಗಾತ್ರದ ಎರಡು ಉಂಡೆ ಮಾತ್ರ. ಗೆಂಡೆಗೆ ಜಠರವಿಲ್ಲ, ಅದು ಸ್ವಲ್ಪಸ್ವಲ್ಪವಾಗಿ ಮೇಯುವ ಮೀನು. ಉಳಿದ ಮೇವು ತಳದಲ್ಲಿ ಹುಳಿತು ಆಮ್ಲಜನಕವನ್ನೇ ತಿನ್ನುತ್ತದೆ.

ಮೀನು ಸಿಕ್ಕ ಮೇಲೆ

ಬಿಸಿನೀರಿನಲ್ಲಿ ಆಟವಾಡಿಸಿ ದಣಿಸಿದ ಮೀನು ಬಿಟ್ಟರೂ ಬದುಕುವುದು ಕಷ್ಟ. ವಾಪಸ್ ಬಿಡುವ ಯೋಚನೆಯಿದ್ದರೆ ಗಾಳದ ಒಳಮುಳ್ಳನ್ನು ಇಕ್ಕುಳದಲ್ಲಿ ಮೊದಲೇ ಒತ್ತಿ ಮಟ್ಟಮಾಡಿ. ಕೈ ಒದ್ದೆ ಮಾಡಿಕೊಳ್ಳಿ, ಒಣಗೈ ಮೈಯ ಲೋಳೆಯನ್ನು ಕಿತ್ತುಬಿಡುತ್ತದೆ. ನೀರಲ್ಲೇ ಗಾಳ ಬಿಡಿಸಿ, ತಾನಾಗಿ ಬಾಲ ಬೀಸುವವರೆಗೆ ಹೊಟ್ಟೆಯಡಿ ಆಸರೆ ಕೊಡಿ. ತಣ್ಣೀರಿನ ಮೀನಾದ ಟ್ರೌಟ್ ಇರುವ ಕೆರೆಯಾದರೆ ನೀರು 20 ಡಿಗ್ರಿ ದಾಟಿದ ದಿನ ಅದರ ತಂಟೆಗೇ ಹೋಗಬೇಡಿ.

ಮೀನುಗಳು ಗುಂಪಾಗಿ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅದು ಹಸಿವಲ್ಲ, ಉಸಿರುಗಟ್ಟಿದ ಗುರುತು; ಗಾಳ ಸುತ್ತಿಡಿ. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂಥ ಕೆನೆ, ಕೆಟ್ಟ ವಾಸನೆ ಇದ್ದರೆ ಅದು ವಿಷಕಾರಿ ಪಾಚಿಯಾಗಿರಬಹುದು: ಮುಟ್ಟಬೇಡಿ, ನಾಯಿಯನ್ನು ಇಳಿಸಬೇಡಿ, ಅಲ್ಲಿಯ ಮೀನು ತಿನ್ನಬೇಡಿ. ಗುಡುಗು ಕೇಳಿದರೆ ಕೋಲು ಕೆಳಗಿಟ್ಟು ದಡ ಬಿಡಿ, ಕಾರ್ಬನ್ ಕೋಲು ವಿದ್ಯುತ್ ಹರಿಸುತ್ತದೆ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯದೆ ಮರಳಬೇಡಿ. ಬಿರುಮಳೆ ತಳದ ಕೆಟ್ಟ ನೀರನ್ನು ಮೇಲಕ್ಕೆ ಕಲಕಿದ್ದರೆ ಕೆಲವು ದಿನ ಮೀನು ಕಚ್ಚುವುದಿಲ್ಲ. ನೀರು ತಿಳಿಯಾದ ಮೇಲೆ ಮತ್ತೆ ಬಾಟಲಿ ಇಳಿಸಿ ಅಳೆಯಿರಿ, ಪದರ ಹಳೆಯ ಆಳದಲ್ಲೇ ಇರುತ್ತದೆ ಎಂದು ನಂಬಬೇಡಿ.