ಹಳೇ ಟೂ ಸ್ಟ್ರೋಕ್ ಬೈಕನ್ನ ಮಣ್ಣುದಾರಿಗೆ ಇಳಿಸೋರಿಗೆ

ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸೋ ಭಾಗ) ಸ್ಕ್ರೂ ಮುಟ್ಟೋ ಮುಂಚೆ ಏರ್ ಫಿಲ್ಟರ್ ತೆಗೆದು ನೋಡ್ರಣ್ಣ. ನಮ್ಮ ಚಿತ್ರದುರ್ಗದ ಧೂಳು ಅದರಲ್ಲಿ ಕಟ್ಟಿಕೊಂಡಿದ್ರೆ ಏನು ಟ್ಯೂನ್ ಮಾಡಿದ್ರೂ ದಂಡ. ಆಮೇಲೆ ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಯಮಹಾ ಆರ್‌ಎಕ್ಸ್ 100ರ ಮಿಕುನಿ ಕಂಪನಿ ಕಾರ್ಬುರೇಟರ್‌ನಂಥದ್ದಾದ್ರೆ ಏರ್ ಸ್ಕ್ರೂ ಮೆತ್ತಗೆ ಕೊನೇವರೆಗೂ ಬಿಗಿ ಮಾಡಿ, ಒಂದೂವರೆ ಸುತ್ತು ಬಿಚ್ಚಿ. ಅಲ್ಲಿಂದ ಸ್ವಲ್ಪಸ್ವಲ್ಪವೇ ಆಕಡೆ ಈಕಡೆ ತಿರುಗಿಸಿ, ಐಡ್ಲಿಂಗ್ (ಆಕ್ಸಿಲರೇಟರ್ ಕೊಡದೆ ಎಂಜಿನ್ ಓಡೋ ವೇಗ) ಎಲ್ಲಿ ಜಾಸ್ತಿ ಏರುತ್ತೋ ಅಲ್ಲೇ ಬಿಡಿ. ಬಿಚ್ಚಿದಷ್ಟೂ ಗಾಳಿ ಜಾಸ್ತಿ, ನೆನಪಿರಲಿ. ಅರ್ಧ ಆಕ್ಸಿಲರೇಟರ್‌ನಲ್ಲಿ ಮುಗ್ಗರಿಸಿದ್ರೆ ನೀಡಲ್ ಕ್ಲಿಪ್ (ಕಾರ್ಬುರೇಟರ್ ಒಳಗಿನ ಸೂಜಿ ಎಷ್ಟು ಎತ್ತರದಲ್ಲಿರಬೇಕು ಅಂತ ಹಿಡಿಯೋ ಕ್ಲಿಪ್) ನೋಡಿ, ಫುಲ್ ಕೊಟ್ಟಾಗ ಆದ್ರೆ ಮೇನ್ ಜೆಟ್ (ಪೆಟ್ರೋಲ್ ಹಾಯೋ ತೂತಿನ ಬಿಡಿಭಾಗ).

ಒಂದು ಏರು ಹತ್ತಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿ. ಕಾಫಿಪುಡಿ ಬಣ್ಣ ಇದ್ರೆ ಸರಿ, ಕಪ್ಪು ಮಸಿ ಇದ್ರೆ ಪೆಟ್ರೋಲ್ ಜಾಸ್ತಿ. ಬೆಳ್ಳಗಿದ್ರೆ ಗಾಳಿ ಜಾಸ್ತಿ, ಆಗ ಮಾತ್ರ ದಯವಿಟ್ಟು ಓಡಿಸಬೇಡಿ, ಪಿಸ್ಟನ್ ಬಿಸಿಗೆ ಸಿಕ್ಕಿಹಾಕಿಕೊಂಡು ಸೀಜ್ ಆಗುತ್ತೆ. ಹಾಗಾದಾಗ ಕಾರ್ಬುರೇಟರ್‌ಗೂ ಎಂಜಿನ್‌ಗೂ ನಡುವಿನ ರಬ್ಬರ್ ಬಿರುಕು ಬಿಟ್ಟು ಗಾಳಿ ಎಳೀತಿದೆಯಾ ಅಂತ ಮೊದಲು ನೋಡಿ.