ಕೋಳಿಗೂಡು ಕಟ್ಟುವಾಗ ಗುಡಿಸುವವರನ್ನೂ ನೆನೆಯಿರಿ

ನಾನು ಕಟ್ಟಿದ ಮೊದಲ ಕೋಳಿಗೂಡು ನೋಡಲು ಬಲು ಚೆಂದವಿತ್ತು. ಗುಡಿಸಲು ಹೋದರೆ ಮಾತ್ರ ಮಂಡಿಯೂರಿ, ಪುಟ್ಟ ಬಾಗಿಲಲ್ಲಿ ತಲೆ ತೂರಿಸಿ, ಹಿಕ್ಕೆಯ ಘಾಟಿಗೆ ಕಣ್ಣೀರು ಸುರಿಸುತ್ತ ಒದ್ದಾಡಬೇಕಿತ್ತು. ಎರಡೇ ತಿಂಗಳು, ಮನೆಯಲ್ಲಿ "ಇವತ್ತು ನಿನ್ನ ಸರದಿ" ಅನ್ನುವ ಜಗಳ ಶುರುವಾಯಿತು. ಅದಕ್ಕೇ ಹೇಳುವುದು, ನಿಂತುಕೊಂಡೇ ಗುಡಿಸುವ ಹಾಗೆ ಕಟ್ಟಿ. ಅಷ್ಟು ಎತ್ತರ ಬೇಡವೆಂದರೆ ಗೂಡನ್ನು ನೆಲದಿಂದ ಎರಡಡಿ ಮೇಲೆ ಕಾಲಿನ ಮೇಲೆ ಕೂರಿಸಿ, ಒಂದು ಬದಿಯ ಗೋಡೆ ಪೂರ್ತಿ ಬಾಗಿಲಿನಂತೆ ತೆರೆಯಲಿ, ಆಗ ಹೊರಗೆ ನಿಂತೇ ಕಸವನ್ನೆಲ್ಲ ಬುಟ್ಟಿಗೆ ಎಳೆದುಕೊಳ್ಳಬಹುದು.

ಜಾಗದ ಲೆಕ್ಕ ಸುಲಭ. ಒಂದು ಕೋಳಿಗೆ ಒಳಗೆ 4 ಚದರ ಅಡಿ, ಹೊರಗಿನ ಬೇಲಿಯೊಳಗೆ 10 ಚದರ ಅಡಿ. ಆರು ಕೋಳಿಗೆ 4 ಅಡಿ ಅಗಲ 6 ಅಡಿ ಉದ್ದದ ಗೂಡು ಸಾಕು. ಆದರೆ ಆರಕ್ಕೆ ನಿಲ್ಲಿಸಿದವರನ್ನು ನಾನಂತೂ ನೋಡಿಲ್ಲ, ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ಳಿ. ಒತ್ತೊತ್ತಾದರೆ ಒಂದರ ಪುಕ್ಕ ಇನ್ನೊಂದು ಕೀಳುತ್ತದೆ.

ದುಡ್ಡು ಉಳಿಸಬಾರದ ಕಡೆ ಅಂದರೆ ಜಾಲರಿ. ಆರು ಮೂಲೆಯ ಕಣ್ಣಿನ ತೆಳು ತಂತಿ ಬಲೆ ಇದೆಯಲ್ಲ, ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ ಅಷ್ಟೇ, ನಾಯಿ ಒಳಗೆ ಬರುವುದನ್ನಲ್ಲ. ನನಗೆ ಇದು ತಿಳಿದದ್ದು ಒಂದು ಬೆಳಿಗ್ಗೆ, ಮೂರು ಹೇಂಟೆ ಕಳೆದುಕೊಂಡ ಮೇಲೆ. ಅರ್ಧ ಇಂಚಿನ ಕಣ್ಣಿನ, ಬೆಸುಗೆ ಹಾಕಿದ ಗಟ್ಟಿ ಮೆಶ್ ತನ್ನಿ. ಬುಡದಲ್ಲಿ ಒಂದಡಿ ಮೆಶ್ಶನ್ನು ಹೊರಮುಖವಾಗಿ ಚಾಪೆಯಂತೆ ಹಾಸಿ ಮಣ್ಣು ಮುಚ್ಚಿಬಿಡಿ. ಬಿಲ ತೋಡುವ ಪ್ರಾಣಿ ಗೋಡೆಯ ಬುಡದಲ್ಲೇ ಕೆರೆಯುತ್ತದೆ, ಕಾಲಿಗೆ ತಂತಿ ತಗುಲಿದರೆ ಅಲ್ಲಿಗೇ ಬಿಡುತ್ತದೆ, ಎರಡಡಿ ಹಿಂದೆ ಸರಿದು ತೋಡುವಷ್ಟು ಬುದ್ಧಿ ಸಾಮಾನ್ಯವಾಗಿ ಓಡಿಸುವುದಿಲ್ಲ.

ಗಾಳಿ ಬೇಕು, ಆದರೆ ಮಲಗಿದ ಕೋಳಿಯ ಮೈಗೆ ನೇರ ಬಡಿಯಬಾರದು. ಹಾಗಾಗಿ ಕಿಂಡಿಗಳು ಮಾಡಿನ ಹತ್ತಿರ, ಕೋಳಿ ಕೂರುವ ಕೋಲಿಗಿಂತ ಮೇಲಿರಲಿ. ಚಳಿಯಾದೀತೆಂದು ಎಲ್ಲ ಮುಚ್ಚಿಬಿಡುವವರಿದ್ದಾರೆ, ತಪ್ಪು. ಪುಕ್ಕವಿರುವ ಹಕ್ಕಿ ಒಣ ಚಳಿ ತಡೆಯುತ್ತದೆ, ತೇವ ಮತ್ತು ಹಿಕ್ಕೆಯಿಂದ ಏಳುವ ಅಮೋನಿಯಾ ಘಾಟನ್ನು ತಡೆಯುವುದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದಾಗ ನಿಮ್ಮ ಕಣ್ಣು ಉರಿದರೆ ಕಿಂಡಿ ಸಾಲದು ಎಂದೇ ಅರ್ಥ.

ಕೂರುವ ಕೋಲಿನಲ್ಲಿ ಒಂದು ಕೋಳಿಗೆ 8ರಿಂದ 10 ಇಂಚು ಜಾಗ ಸಿಗಲಿ. ಕೋಲು ಮೊಟ್ಟೆ ಪೆಟ್ಟಿಗೆಗಿಂತ ಎತ್ತರದಲ್ಲೇ ಇರಬೇಕು, ಮರೆಯಬೇಡಿ. ಕೋಳಿಗೆ ಗೂಡಿನಲ್ಲಿ ಎಲ್ಲಕ್ಕಿಂತ ಎತ್ತರದ ಜಾಗದಲ್ಲೇ ಮಲಗುವ ಚಟ, ಪೆಟ್ಟಿಗೆ ಮೇಲಿದ್ದರೆ ಅದರಲ್ಲೇ ಮಲಗಿ ಹಿಕ್ಕೆ ಹಾಕುತ್ತದೆ, ಬೆಳಿಗ್ಗೆ ಮೊಟ್ಟೆಗೆಲ್ಲ ಅದೇ. ಪೆಟ್ಟಿಗೆ ಒಂದಡಿ ಚೌಕ ಇದ್ದರೆ ಸಾಕು, ನಾಲ್ಕೈದು ಹೇಂಟೆಗೆ ಒಂದು. ಎಷ್ಟು ಮಾಡಿಟ್ಟರೂ ಎಲ್ಲವೂ ಒಂದೇ ಪೆಟ್ಟಿಗೆಯ ಮುಂದೆ ಸಾಲು ನಿಲ್ಲುತ್ತವೆ, ಅದು ಬೇರೆ ಮಾತು.

ಮರದ ಸಂದಿಗಳಲ್ಲಿ ಹಗಲು ಅಡಗಿದ್ದು ರಾತ್ರಿ ರಕ್ತ ಹೀರುವ ಸಣ್ಣ ಕೆಂಪು ಉಣ್ಣಿ ಸೇರಿಕೊಳ್ಳುತ್ತದೆ. ಬಿರುಕು, ಸಂದಿ ಕಡಿಮೆ ಇರುವಂತೆ ಕಟ್ಟಿ, ಕೋಲುಗಳು ಬಿಚ್ಚಿ ತೊಳೆಯಲು ಬರುವಂತಿರಲಿ. ಅನುಮಾನವಿದ್ದರೆ ರಾತ್ರಿ ಟಾರ್ಚ್ ಹಿಡಿದು ಕೋಲಿನ ಅಡಿ ನೋಡಿ.

ನೆಲಕ್ಕೆ ಒಣ ಹೊಟ್ಟೋ ಬಡಗಿ ಮರ ಹೆರೆದ ಸಿಪ್ಪೆಯೋ ಮೂರು ನಾಲ್ಕು ಇಂಚು ಹಾಕಿ, ಒದ್ದೆಯಾದ ಕಡೆ ಆಗಾಗ ತೆಗೆದು ಹೊಸದು ತುಂಬಿ. ನೀರಿನ ಪಾತ್ರೆ ಕೋಳಿಯ ಬೆನ್ನಿನ ಎತ್ತರಕ್ಕಿದ್ದರೆ ಕಸ ಕೆದಕಿ ಹಾಕುವುದು ತಪ್ಪುತ್ತದೆ.

ಹೊಸ ಗೂಡಿಗೆ ತಂದ ಮೇಲೆ ಒಂದು ವಾರ ಹೊರಗೆ ಬಿಡಬೇಡಿ, ಅವಕ್ಕೆ ಮನೆ ಯಾವುದೆಂದು ಗುರುತಾಗಲಿ. ಆಮೇಲೆ ಸಂಜೆ ತಾವೇ ಬರುತ್ತವೆ. ನೀವು ಸುಮ್ನೆ ತಲೆ ಎಣಿಸಿ ಚಿಲಕ ಹಾಕಿದರಾಯಿತು.