ಇಷ್ಟವಾದ ಸಿನಿಮಾಕ್ಕೆ ವಿಮರ್ಶೆ ಬರೆಯುವುದು ಹೇಗೆ: ‘ಜಬ್ ವಿ ಮೆಟ್’ ಇಟ್ಟುಕೊಂಡು

ಹಿಡಿಸದ ಸಿನಿಮಾವನ್ನು ಬೈಯುವುದು ಸುಲಭ. ಎಷ್ಟು ಸಲ ನೋಡಿದರೂ ಬೇಜಾರಾಗದ ಸಿನಿಮಾದಲ್ಲಿ ಏನು ಸರಿಯಿಲ್ಲ ಎಂದು ಹೇಳುವುದು ಕಷ್ಟ. ಅದಕ್ಕೇ ಇಮ್ತಿಯಾಜ್ ಅಲಿ 2007ರಲ್ಲಿ ಮಾಡಿದ ಹಿಂದಿ ಸಿನಿಮಾ ‘ಜಬ್ ವಿ ಮೆಟ್’ ತಗೊಂಡಿದ್ದೇನೆ. ನಾನು ರೈಲ್ವೆ ವಿಚಾರಣಾ ಕೌಂಟರ್‌ನಲ್ಲಿ ಕೂರುವವಳು, ರಾತ್ರಿ ಪಾಳಿಯೇ ಜಾಸ್ತಿ. ಈ ಸಿನಿಮಾದ ಜೀವ ಇರುವುದೂ ರೈಲಿನಲ್ಲಿ, ಪ್ಲಾಟ್‌ಫಾರ್ಮಿನಲ್ಲಿ.

ಮೊದಲ ಸಲ ಸುಮ್ನೆ ನೋಡಿ. ನಗು ಬಂದರೆ ನಕ್ಕುಬಿಡಿ. ಎರಡನೇ ಸಲ ನೋಟ್‌ಬುಕ್ ಹಿಡಿದು ಕೂತು ಮೂರು ದೃಶ್ಯ ಆರಿಸಿಕೊಳ್ಳಿ, ಅಷ್ಟು ಸಾಕು. ಪೂರ್ತಿ ಕಥೆ ಹೇಳಲು ಹೋದರೆ ವಿಮರ್ಶೆಗೆ ಜಾಗವೇ ಉಳಿಯುವುದಿಲ್ಲ. ಕಥೆಗೆ ಎರಡು ಸಾಲು ಕೊಡಿ: ಎಲ್ಲ ಕಳೆದುಕೊಂಡು ರೈಲು ಹತ್ತಿದ ಆದಿತ್ಯ, ಬಾಯಿ ಮುಚ್ಚದ ಗೀತ್, ಭಟಿಂಡಾದ ದೊಡ್ಡ ಕುಟುಂಬ, ಮನಾಲಿಯಲ್ಲಿರುವ ಅವಳ ಪ್ರೇಮಿ ಅಂಶುಮಾನ್.

ಈಗ ಮುಖ್ಯವಾದ ಕೆಲಸ. ಪಾತ್ರಗಳು ಏನು ಹೇಳುತ್ತವೆ ಎಂಬುದನ್ನು ಪುಟದ ಒಂದು ಕಡೆ ಬರೆಯಿರಿ. ಆಮೇಲೆ ಏನು ನಡೆಯುತ್ತದೆ ಎಂಬುದನ್ನು ಇನ್ನೊಂದು ಕಡೆ ಬರೆಯಿರಿ. ಎರಡೂ ಒಂದೇ ದಿಕ್ಕಿಗೆ ಹೋಗುತ್ತಿವೆಯಾ ನೋಡಿ.

ರತ್ಲಾಮ್ ಸ್ಟೇಷನ್ನಿನ ದೃಶ್ಯವನ್ನೇ ತಗೊಳ್ಳಿ. ರೈಲು ಹೋಗಿಬಿಟ್ಟಿದೆ, ಗೀತ್‌ಳ ಲಗೇಜೂ ಅದರಲ್ಲೇ ಹೋಗಿದೆ. ಒಂಟಿ ಹುಡುಗಿ ಎಂದರೆ ತೆರೆದಿಟ್ಟ ತಿಜೋರಿ ಎಂದು ಸ್ಟೇಷನ್ ಮಾಸ್ಟರ್ ಅವಳಿಗೆ ಬುದ್ಧಿ ಹೇಳುತ್ತಾನೆ. ಈ ಉಪದೇಶಕ್ಕೆ ದುಡ್ಡು ಕೊಡಬೇಕಾ, ನನ್ನ ಹತ್ತಿರ ಚಿಲ್ಲರೆ ಇಲ್ಲ ಎಂದು ಅವಳು ತಿರುಗಿಸಿ ಕೊಡುತ್ತಾಳೆ. ಎಂಥ ಉತ್ತರ ಅಲ್ವಾ! ಮಾತಿನಲ್ಲಿ ಅವಳೇ ಗೆದ್ದಳು. ಆದರೆ ಮುಂದೇನಾಗುತ್ತದೆ? ಗಂಡಸರು ಅವಳ ಬೆನ್ನು ಹತ್ತುತ್ತಾರೆ. ಅವಳು ಹೆದರಿ ಓಡಿ ಬಂದು ಆದಿತ್ಯನಿಗೆ ಅಂಟಿಕೊಳ್ಳುತ್ತಾಳೆ. ಸ್ಟೇಷನ್ ಮಾಸ್ಟರ್ ಹೇಳಿದ್ದೇ ನಿಜ ಎಂದು ಕಥೆ ಸಾಬೀತು ಮಾಡಿಬಿಟ್ಟಿತು.

ಇಲ್ಲಿ ನಿಮಗೆ ಗೊತ್ತಿರುವ ಲೋಕವನ್ನು ಪಕ್ಕದಲ್ಲಿಟ್ಟು ನೋಡಿ. ರತ್ಲಾಮ್ ಮುಂಬೈ–ದೆಹಲಿ ಮಾರ್ಗದ ದೊಡ್ಡ ಜಂಕ್ಷನ್. ಅಂಥ ಕಡೆ ರಾತ್ರಿ ಹೊತ್ತೂ ಹೆಂಗಸರು ಇರುತ್ತಾರೆ. ಮಗು ಎತ್ತಿಕೊಂಡು ಕೂತವರು, ಗಂಟಿನ ಮೇಲೆ ತಲೆಯಿಟ್ಟು ಮಲಗಿದವರು. ಒಬ್ಬಳೇ ಬಂದ ಹುಡುಗಿ ಪಕ್ಕದಲ್ಲಿ ಕೂತರೆ ಎಲ್ಲಿಗಮ್ಮಾ ಎಂದು ಕೇಳುವವರು ಅವರೇ. ನನ್ನ ಪಾಳಿಗಳಲ್ಲಿ ನಾನು ಇದನ್ನು ನೋಡುತ್ತಲೇ ಇರುತ್ತೇನೆ. ಅವರನ್ನು ಸಿನಿಮಾ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನಾಯಕಿಗೆ ನಾಯಕನೇ ಗತಿ ಆಗಬೇಕಲ್ಲ. ಭಯ ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಉಳಿದ ದಾರಿಗಳನ್ನೆಲ್ಲ ಮುಚ್ಚಿದ್ದನ್ನು ಮಾತ್ರ ವಿಮರ್ಶೆಯಲ್ಲಿ ಹೇಳಲೇಬೇಕು.

ಎರಡನೇ ದೃಶ್ಯಕ್ಕೆ ಸಿನಿಮಾ ಹಾರಿಸಿಬಿಟ್ಟ ಕಾಲವನ್ನು ಹುಡುಕಿ. ಇಲ್ಲಿ ಅದು ಒಂಬತ್ತು ತಿಂಗಳು. ಆದಿತ್ಯ ಮುಂಬೈಗೆ ಹೋಗಿ ಕಂಪನಿಯನ್ನು ಎತ್ತಿ ನಿಲ್ಲಿಸುತ್ತಾನೆ. ಅಂಶುಮಾನ್ ಕೈಬಿಟ್ಟ ಗೀತ್ ಶಿಮ್ಲಾದಲ್ಲಿ ಪಾಠ ಹೇಳಿಕೊಂಡು ಮೌನವಾಗಿದ್ದಾಳೆ. ಅವಳ ಸಹೋದ್ಯೋಗಿಗಳು ಯಾರು, ಬಾಡಿಗೆ ಹೇಗೆ ಕಟ್ಟುತ್ತಾಳೆ, ಮಕ್ಕಳ ಜೊತೆ ಹೇಗಿರುತ್ತಾಳೆ? ಇವಕ್ಕೆಲ್ಲ ಸಿನಿಮಾ ಜಾಗ ಕೊಡುವುದಿಲ್ಲ. ಅವನಿಗೆ ಕೆಲಸದಿಂದ ಚೈತನ್ಯ ಬಂತು. ಅವಳಿಗೆ ಅವನೇ ಬಂದು ಎಬ್ಬಿಸಬೇಕಾಯಿತು. ಅಂಶುಮಾನ್‌ಗೆ ಫೋನ್ ಮಾಡಿ ಬೈಯುವ ಧೈರ್ಯವನ್ನೂ ಆದಿತ್ಯನೇ ತುಂಬುತ್ತಾನೆ. ಮೊದಲರ್ಧದಲ್ಲಿ ಅವಳು ಅವನನ್ನು ಎಬ್ಬಿಸಿದ್ದಳು, ಲೆಕ್ಕ ಸರಿಹೋಯಿತು ಎನ್ನುವವರಿದ್ದಾರೆ. ಆ ವಾದವನ್ನೂ ಬರೆಯಿರಿ, ಅದರಲ್ಲಿ ಹುರುಳಿದೆ. ಆದರೂ ಅವಳ ಕೆಲಸವನ್ನು ಬರೀ ಬೇಸರದ ಗುರುತು ಮಾಡಿದ್ದಕ್ಕೆ ನನಗೆ ಸಿಟ್ಟಿದೆ.

ಮೂರನೇ ದೃಶ್ಯ ಸಿನಿಮಾದ ಪರವಾಗಿ ಇರಲಿ. ನಾನಾದರೆ ಕೊನೆಯ ಭಟಿಂಡಾ ಭಾಗ ಆರಿಸುತ್ತೇನೆ. ಆದಿತ್ಯ ಹಕ್ಕು ಚಲಾಯಿಸುವುದಿಲ್ಲ, ಹೊಡೆದಾಡುವುದಿಲ್ಲ, ಸರಿದು ನಿಲ್ಲುತ್ತಾನೆ. ಮರಳಿ ಬಂದ ಅಂಶುಮಾನ್ ಬೇಕೋ ಆದಿತ್ಯ ಬೇಕೋ ಎಂದು ಗೀತ್ ತಾನೇ ತೀರ್ಮಾನಿಸುತ್ತಾಳೆ. ಹಿಂದಿ ಪ್ರೇಮಕಥೆಗಳಲ್ಲಿ ಇದು ಸಣ್ಣ ಮಾತಲ್ಲ.

ನಟನೆಯ ಬಗ್ಗೆ ಬರೆಯುವಾಗ ಅದ್ಭುತ, ಸೂಪರ್ ಎಂದು ಬಿಟ್ಟುಬಿಡಬೇಡಿ, ಕಂಡದ್ದನ್ನು ಬರೆಯಿರಿ. ಮೊದಲರ್ಧದಲ್ಲಿ ಗೀತ್ ಆಗಿ ಕರೀನಾ ಕಪೂರ್ ಉಸಿರು ತಗೊಳ್ಳದೆ ಮಾತಾಡುತ್ತಾರೆ. ಶಿಮ್ಲಾದಲ್ಲಿ ಅದೇ ದನಿ ಇಳಿದುಹೋಗಿದೆ. ಆದಿತ್ಯನಾಗಿ ಶಾಹಿದ್ ಕಪೂರ್ ಹೆಚ್ಚು ಹೊತ್ತು ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಆ ಕೇಳಿಸಿಕೊಳ್ಳುವಿಕೆಯಿಂದಲೇ ಪ್ರೀತಿ ನಂಬುವ ಹಾಗಾಗುತ್ತದೆ. ಹಾಡುಗಳಿಗೆ ಒಂದು ಸಾಲು ಸಾಕು.

ಬರೆದು ಮುಗಿದ ಮೇಲೆ ಈ ಸಿನಿಮಾವನ್ನು ಪ್ರಾಣದಂತೆ ಪ್ರೀತಿಸುವ ಒಬ್ಬರಿಗೆ ಓದಿ ಹೇಳಿ. ಅವರು ಸಿಟ್ಟಾದ ಕಡೆ ನಿಮ್ಮ ಸಾಕ್ಷಿ ಗಟ್ಟಿಯಾಗಿದೆಯಾ ಎಂದು ಆ ದೃಶ್ಯವನ್ನು ಮತ್ತೆ ಹಾಕಿ ನೋಡಿ. ಗಟ್ಟಿ ಇದ್ದರೆ ಒಂದು ಪದವನ್ನೂ ಮೆತ್ತಗೆ ಮಾಡಬೇಡಿ. ಇಲ್ಲದಿದ್ದರೆ ಆ ಸಾಲು ತೆಗೆಯಿರಿ.